ನಾಲ್ಕೇ ಉತ್ತರ: ಪಿಂಗ್ ಜೊತೆ ಸಂದರ್ಶನ

ಆಚೆಯ ಕಂಪ್ಯೂಟರ್ ಓಗೊಡುತ್ತದೆಯೇ ಎಂದು ಕೂಗಿ ನೋಡುವ ಪುಟ್ಟ ಪ್ರೋಗ್ರಾಮಿನ ಹೆಸರು ಪಿಂಗ್. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಇದನ್ನು ಬರೆದರು. ಸೋನಾರ್ ಹೊರಡಿಸುವ ಸದ್ದಿನ ಹೆಸರನ್ನೇ ಇಟ್ಟರು. ನೆಟ್‌ವರ್ಕಿಂಗ್ ಕಲಿಯುವವರು ಇದನ್ನು ಮೊದಲ ದಿನವೇ ಟೈಪ್ ಮಾಡುತ್ತಾರೆ, ಅರ್ಥ ಮಾಡಿಕೊಳ್ಳುವುದು ನಿಧಾನ. ಸಂದರ್ಶನ ನಡೆದದ್ದು ವಿಂಡೋಸಿನ ಕಪ್ಪು ಪರದೆಯ ಮೇಲೆ.

ಹೊಸಬರ ಮೇಲೆ ದೂರೇನು?

ದೂರದ್ದನ್ನು ಮೊದಲು ಕೇಳುತ್ತಾರೆ ಎಂಬುದೇ ದೂರು. ನೆಟ್ ಹೋಯಿತು ಎಂದ ಕೂಡಲೇ ಗೂಗಲ್‌ನ 8.8.8.8ಕ್ಕೆ ಪಿಂಗ್ ಹೊಡೆಯುತ್ತಾರೆ. ಊರ ಬಾಗಿಲು ದಾಟದೆ ಕಾಶಿಯ ಸುದ್ದಿ ಕೇಳಿದ ಹಾಗೆ. ಮೊದಲು 127.0.0.1, ಅಂದರೆ ತನ್ನದೇ ಯಂತ್ರ. ಆಮೇಲೆ ರೂಟರ್. ಆಮೇಲೆ ಹೊರಗಿನ ಐಪಿ ವಿಳಾಸ, ಕೊನೆಗೆ ಸೈಟಿನ ಹೆಸರು. ಉತ್ತರ ಎಲ್ಲಿ ನಿಂತಿತೋ ಅಲ್ಲಿಂದ ಹುಡುಕಾಟ. ಐಪಿಗೆ ಉತ್ತರ ಬಂದು ಹೆಸರೇ ಸಿಗದಿದ್ದರೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್ಎಸ್ ನೋಡಬೇಕು. ಯಂತ್ರದ ವಿಳಾಸ 169.254 ಎಂದು ಶುರುವಾಗಿದ್ದರಂತೂ ಪಿಂಗ್‌ಗೆ ತೊಂದರೆ ಕೊಡುವುದೇ ಬೇಡ: ಡಿಎಚ್‌ಸಿಪಿ ವಿಳಾಸ ಕೊಡದಿದ್ದಾಗ ಯಂತ್ರ ತನಗೆ ತಾನೇ ಬರೆದುಕೊಳ್ಳುವ ಚೀಟಿ ಅದು.

ಸುಳ್ಳು ಹೇಳುವುದುಂಟೇ?

ಇಲ್ಲ, ಆದರೆ ಪೂರ್ತಿ ಓದುವವರು ಕಡಿಮೆ. ಅದೇ ನೆಟ್‌ವರ್ಕಿನಲ್ಲಿ ಆಫ್ ಆಗಿರುವ ಪ್ರಿಂಟರ್‌ಗೆ, 192.168.1.20ಕ್ಕೆ ಎನ್ನೋಣ, ಪಿಂಗ್ ಮಾಡಿದರೆ ‘ರಿಪ್ಲೈ ಫ್ರಮ್ 192.168.1.5: ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ಬರುತ್ತದೆ. ರಿಪ್ಲೈ ಎಂಬ ಪದ ಕಂಡದ್ದೇ ಹೊಸಬರಿಗೆ ಹಬ್ಬ. ಕೊನೆಯಲ್ಲಿ ನಷ್ಟ ಶೇ 0 ಎಂದೂ ಬರೆದಿರುತ್ತದೆ! ಆ 192.168.1.5 ಕೇಳಿದವರದೇ ಕಂಪ್ಯೂಟರ್. ‘ಆ ಮನೆಯಲ್ಲಿ ಯಾರೂ ಇಲ್ಲ’ ಎಂದು ತನಗೆ ತಾನೇ ಹೇಳಿಕೊಂಡದ್ದನ್ನು ವಿಂಡೋಸ್ ಬಂದ ಉತ್ತರವೆಂದು ಲೆಕ್ಕಕ್ಕೆ ಹಿಡಿದಿದೆ. ಈ ಲೆಕ್ಕಕ್ಕೆ ಪಿಂಗ್ ಬಳಿಯೂ ಸಮಜಾಯಿಷಿ ಇರಲಿಲ್ಲ.

ಹಾಗಾದರೆ ‘ಟೈಮ್ಡ್ ಔಟ್’ ಬಂದರೆ ಆಚೆಯ ಯಂತ್ರ ಸತ್ತಿದೆ ಎಂದೇ?

ಹಾಗೇನಿಲ್ಲ. ಎಷ್ಟೋ ಫೈರ್‌ವಾಲ್‌ಗಳು ಪಿಂಗ್ ಒಯ್ಯುವ ಐಸಿಎಂಪಿ ಸಂದೇಶವನ್ನು ಸದ್ದಿಲ್ಲದೆ ಎಸೆಯುತ್ತವೆ. ಸರ್ವರ್ ಒಳಗೆ ಆರಾಮಾಗಿ ಪುಟ ಬಡಿಸುತ್ತಿರುತ್ತದೆ. ಹೊರಗೆ ನಿಂತ ಟ್ರೈನಿ ಅದರ ತಿಥಿಗೆ ಟಿಕೆಟ್ ತೆರೆದಿರುತ್ತಾನೆ. ಬ್ರೌಸರಿನಲ್ಲಿ ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು.

ಮರೆಯಲಾಗದ ಕೇಸು?

ಒಂದು ಲ್ಯಾಬಿನದು. ರೂಟರ್‌ಗೆ ಪಿಂಗ್: 1 ಮಿಲಿಸೆಕೆಂಡ್, 1 ಮಿಲಿಸೆಕೆಂಡ್, ಟೈಮ್ಡ್ ಔಟ್, ಮತ್ತೆ 1. ರೂಟರ್ ಆಫ್ ಮಾಡಿ ಆನ್ ಮಾಡಿದರು. ಡ್ರೈವರ್ ಹೊಸದಾಗಿ ಹಾಕಿದರು. ಆ್ಯಂಟಿವೈರಸ್ ಕಿತ್ತರು. ಯಾರದೋ ಕಾಲು ತಗುಲಿ ಮೇಜು ಅಲುಗಿದಾಗ ಪೋರ್ಟಿನ ಹಸಿರು ದೀಪ ಆರಿ ಹತ್ತಿತು. ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಕನೆಕ್ಟರ್ ಪೋರ್ಟಿನಲ್ಲಿ ಸುಮ್ಮನೆ ಒರಗಿ ನಿಂತಿತ್ತು. ಬೇರೆ ಕೇಬಲ್ ಹಾಕಲು ಅರ್ಧ ನಿಮಿಷ ಹಿಡಿಯಿತು.

ಬರೀ ಸರ್ಟಿಫಿಕೇಟ್ ಇದ್ದರೆ ಕೆಲಸ ಸಿಗುತ್ತದೆಯೇ?

ಈ ಐದನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಬೇರೆ ಹೇಳದಿದ್ದರೆ ವಿಂಡೋಸಿನಲ್ಲಿ ಪಿಂಗ್ ನಾಲ್ಕೇ ಸಲ ಕೂಗುತ್ತದೆ. ಲಿನಕ್ಸಿನಲ್ಲಾದರೆ ಕಂಟ್ರೋಲ್ ಸಿ ಒತ್ತುವ ತನಕ ಬಾಯಿ ಮುಚ್ಚುವುದಿಲ್ಲ.