ಪತ್ರಾಸಿಗೆ ರೆಕ್ಕೆ ಬರುವ ಕಾಲ

ಬೆಳಗಾವಿಯ ರಾಮತೀರ್ಥ ನಗರದಲ್ಲಿ ಊರೂರು ಸುತ್ತುವ ಗಾಲಿಮನೆಗಳು (ಕ್ಯಾರವಾನ್) ಅಪರೂಪ. ಆದರೆ ಗಾಳಿ ಕರೆದರೆ ಪ್ರವಾಸ ಹೊರಡುವ ಪತ್ರಾಸಿನ ಶೆಡ್ಡುಗಳಿಗೆ ಗಚ್ಚಿಗಳ ಮೇಲೆ ಕೊರತೆಯಿಲ್ಲ. ಮೇ ತಿಂಗಳ ಸಂಜೆ ಮೋಡ ಕಪ್ಪಾದಾಗ ಮಳೆಗಿಂತ ಮೊದಲು ಬರುವುದು ಗಾಳಿಯೇ.

ಗಾಳಿಯ ಲೆಕ್ಕ ಸಾಹುಕಾರನ ಬಡ್ಡಿಗಿಂತ ಕ್ರೂರ: ವೇಗ 2 ಪಟ್ಟಾದರೆ ಒತ್ತಡ 4 ಪಟ್ಟು. ಗಾಳಿ ಪತ್ರಾಸನ್ನು ಮೇಲಿನಿಂದ ಎಳೆಯುತ್ತದೆ, ತೆರೆದ ಬದಿಯಿಂದ ಒಳನುಗ್ಗಿ ಕೆಳಗಿನಿಂದಲೂ ನೂಕುತ್ತದೆ. ‘ಕಲ್ಲು ಇಟ್ಟೀವಲ್ರಿ’ ಎಂಬ ಧೈರ್ಯ ಸೋಲುವುದು ಇಲ್ಲಿಯೇ. ಪತ್ರಾಸ್ ಎದ್ದರೆ ಕಲ್ಲೂ ಏಳುತ್ತದೆ. ಇಳಿಯಲು ಅದು ಆರಿಸಿಕೊಳ್ಳುವುದು ಸಾಮಾನ್ಯವಾಗಿ ಪಕ್ಕದ ಮನೆಯವರ ಹೊಸ ಕಾರನ್ನು. ಆದ್ದರಿಂದ ಕೊಕ್ಕೆ ಬೋಲ್ಟು, ವಾಷರುಗಳನ್ನು ಏಪ್ರಿಲ್‌ನಲ್ಲೇ ನೋಡಿ, ತುಕ್ಕು ಹಿಡಿದವನ್ನು ಬದಲಿಸಬೇಕು. ಸೆಳೆತ ಹೆಚ್ಚಿರುವ ಅಂಚು, ಮೂಲೆಗಳಲ್ಲಿ ಬೋಲ್ಟು ಒತ್ತಾಗಿರಬೇಕು. ಕಂಬಗಳು ಸ್ಲ್ಯಾಬಿಗೆ ಕಚ್ಚಿಕೊಂಡಿರದಿದ್ದರೆ ಶೆಡ್ಡು ಇಡಿಯಾಗಿಯೇ ಪ್ರಯಾಣ ಬೆಳೆಸುತ್ತದೆ.

ಖಾಲಿ ನೀರಿನ ಟಾಕಿಯೂ ಹಾರುವ ಜಾತಿಯೇ. 500 ಲೀಟರ್ ತುಂಬಿಸಿದರೆ ಅರ್ಧ ಟನ್ ಭಾರ; ನಳ ಬರುವ ದಿನ ನೆನಪಿಟ್ಟರೆ ಸಾಕು. ತಾಡಪತ್ರಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟುವ ಬದಲು ಬಿಚ್ಚಿ ಮಡಚುವುದೇ ಲೇಸು. ವಿದೇಶದ ಗಾಲಿಮನೆಯವರೂ ಬಿರುಗಾಳಿಗೆ ಮೊದಲು ಬಟ್ಟೆಯ ಚಪ್ಪರವನ್ನೇ ಮಡಚುತ್ತಾರೆ. ಪ್ಲಾಸ್ಟಿಕ್ ಕುರ್ಚಿ, ಹೂಕುಂಡ, ಹಪ್ಪಳದ ಚಾಪೆ ಒಳಗೆ ಬರಬೇಕು. ಗುಡುಗು ಕೇಳಿದ ಮೇಲೆ ಗಚ್ಚಿ ಹತ್ತಿ ಪತ್ರಾಸ್ ಹಿಡಿದು ನಿಲ್ಲುವ ಶೌರ್ಯವನ್ನು ಮಾತ್ರ ಯಾರೂ ತೋರಬಾರದು.