ಟಿಸಿಪಿಯ ಉದ್ರಿ ಖಾತೆ

ಫೈಲು ನಿಧಾನವಾದರೆ ತಪ್ಪು ಲೈನಿನದೇ ಎಂದು ಬೆಂಗಳೂರಿನ ಆಫೀಸುಗಳಲ್ಲಿ ಒಂದು ದೃಢನಂಬಿಕೆ. ನೂರು ಮೆಗಾಬಿಟ್ಟಿನ ಲೈನು ಕಿತ್ತು ಒಂದು ಗಿಗಾಬಿಟ್ಟಿನದು ಹಾಕಿಸುತ್ತಾರೆ. ಮ್ಯಾನೇಜರು ಬಂದು ಪರದೆಗೆ ಮೂಗು ತಾಗಿಸಿ ನೋಡಿದರೆ, ಕ್ಯಾಲಿಫೋರ್ನಿಯಾಕ್ಕೆ ಹೊರಟ 500 ಗಿಗಾಬೈಟಿನ ಬ್ಯಾಕಪ್ಪು ಸೆಕೆಂಡಿಗೆ 8 ಮೆಗಾಬೈಟಿನಂತೆ ತೆವಳುತ್ತಿದೆ. ಇನ್ನೂ 17 ಗಂಟೆ ಬಾಕಿ. “ಇಷ್ಟು ದುಡ್ಡು ಸುರಿದಿದ್ದೀವಲ್ರೀ!”

ದುಡ್ಡು ಸುರಿದರೆ ಅಮೆರಿಕ ಹತ್ತಿರ ಬರುತ್ತದೆಯೇ ಸ್ವಾಮಿ? ಫೈಬರಿನೊಳಗೆ ಬೆಳಕಿನ ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಅದಕ್ಕಿಂತ ಜೋರಾಗಿ ಓಡಿಸುವ ಪ್ಲಾನು ಯಾವ ಕಂಪನಿಯೂ ಮಾರುವುದಿಲ್ಲ. ಅಲ್ಲಿಗೆ ಹೋಗಿ ಉತ್ತರ ತರುವಷ್ಟರಲ್ಲಿ ಹೆಚ್ಚುಕಡಿಮೆ ಕಾಲು ಸೆಕೆಂಡು ಕಳೆದಿರುತ್ತದೆ. ಫೈಲನ್ನು ತುಂಡುತುಂಡಾಗಿ ಸಾಗಿಸುವ ಟಿಸಿಪಿಯೋ ಕಿರಾಣಿ ಅಂಗಡಿಯವರ ಜಾತಿ: ಇಂತಿಷ್ಟರವರೆಗೆ ಉದ್ರಿ, ಹಳೇ ಬಾಕಿ ಸಂದಮೇಲೆ ಮುಂದಿನ ಸಾಮಾನು. ಆ ಮಿತಿಯೇ ವಿಂಡೋ. 1981ರ ನಿಯಮದಲ್ಲಿ ಅದು ಬರೀ 65,535 ಬೈಟು. 1992ರಲ್ಲಿ ಅದನ್ನು 1 ಗಿಗಾಬೈಟಿನವರೆಗೂ ಹಿಗ್ಗಿಸಲು ದಾರಿ ಮಾಡಿದರು. ಗಿಗಾಬಿಟ್ ಲೈನು ಬಿಡುವಿಲ್ಲದೆ ದುಡಿಯಬೇಕಾದರೆ ಸುಮಾರು 31 ಮೆಗಾಬೈಟು ಸದಾ ದಾರಿಯಲ್ಲಿರಬೇಕು. ಕಳಿಸುವ ಕಡೆಯ ಲಿನಕ್ಸಿನ ಬಫರು ಸಾಮಾನ್ಯವಾಗಿ 4 ಮೆಗಾಬೈಟಿಗೇ ಕೈ ಕಟ್ಟಿ ಕೂರುತ್ತದೆ.

ಆಗ ನಮ್ಮ ಹುಡುಗರು ರಂಗಕ್ಕಿಳಿಯುತ್ತಾರೆ. ಎಲ್ಲಿಂದಲೋ ಹೊತ್ತು ತಂದ ಸೆಟ್ಟಿಂಗುಗಳನ್ನು ಸಾಲಾಗಿ ಅಂಟಿಸುತ್ತಾರೆ. ನಡುವೆ ಟೈಮ್‌ಸ್ಟ್ಯಾಂಪನ್ನೇ ಆಫ್ ಮಾಡುವ ಸಾಲೊಂದು ಇರುತ್ತದೆ. ಇದ್ಯಾಕಪ್ಪಾ ಎಂದರೆ “ಇರ್ಲಿ ಬಿಡಿ ಸಾರ್.” ಬಫರನ್ನು 64 ಮೆಗಾಬೈಟಿಗೆ ಏರಿಸಿ ಮೀಸೆ ತಿರುವುತ್ತಾರೆ, ಆದರೆ ಈ ತುದಿಯಲ್ಲಿ ಮಾತ್ರ. ಆ ತುದಿಯಲ್ಲಿ ತೆಗೆದುಕೊಳ್ಳುವವನ ಬಫರು ಹಳೇದೇ ಇದ್ದರೆ ಇವರ ಔದಾರ್ಯಕ್ಕೆ ಬೆಲೆಯೆಲ್ಲಿ?

ಅದನ್ನೂ ಸರಿಮಾಡಿದರು ಅನ್ನಿ. ಆದರೂ ಅದೇ 8 ಮೆಗಾಬೈಟು! ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ, ಫೈಲು ಕಳಿಸುವ ಪ್ರೋಗ್ರಾಮು ಎಸ್‌ಸಿಪಿ. ಅದನ್ನು ಹೊತ್ತ ಓಪನ್‌ಎಸ್‌ಎಸ್‌ಎಚ್ ತನ್ನೊಳಗೇ 2 ಮೆಗಾಬೈಟಿನ ಇನ್ನೊಂದು ವಿಂಡೋ ಇಟ್ಟುಕೊಂಡಿದೆ. ಕಾಲು ಸೆಕೆಂಡಿಗೆ 2 ಎಂದರೆ ಸೆಕೆಂಡಿಗೆ 8, ಲೆಕ್ಕ ಚುಕ್ತಾ. ಇದಕ್ಕೆ ಬೇಸತ್ತೇ ಪಿಟ್ಸ್‌ಬರ್ಗಿನ ಸೂಪರ್‌ಕಂಪ್ಯೂಟಿಂಗ್ ಕೇಂದ್ರದವರು ಎಚ್‌ಪಿಎನ್-ಎಸ್‌ಎಸ್‌ಎಚ್ ಎಂಬ ತಿದ್ದುಪಡಿಯನ್ನೇ ತಂದರು.

ಅಷ್ಟೆಲ್ಲ ಯಾರು ಓದುತ್ತಾರೆ? ಜಾಣರು ಬ್ಯಾಕಪ್ಪನ್ನು ಹೋಳು ಮಾಡಿ ಎಂಟು ಎಸ್‌ಸಿಪಿ ಒಟ್ಟಿಗೇ ಬಿಡುತ್ತಾರೆ. ಮನೆಯ ಎಂಟೂ ಜನರ ಹೆಸರಲ್ಲಿ ಎಂಟು ಉದ್ರಿ ಖಾತೆ! ಕೆಲಸವೇನೋ ಆಗುತ್ತದೆ. ಅದೇ ಲೈನಿನಲ್ಲಿ ವಿಡಿಯೋ ಮೀಟಿಂಗ್ ನಡೆಸುತ್ತಿದ್ದ ಎಚ್‌ಆರ್ ಮೇಡಂ ಮಾತ್ರ, ಇನ್‌ಕ್ರಿಮೆಂಟ್ ಎಷ್ಟೆಂದು ಹೇಳುವ ಹೊತ್ತಿಗೇ, ಬಾಯಿ ತೆರೆದಂತೆ ಪರದೆಯ ಮೇಲೆ ನಿಂತುಬಿಡುತ್ತಾರೆ.