ಮುಖಸಾಮ್ಯ ಮೀಮಾಂಸೆ

ತನಿಖೆಗೆ ಬರುವ ಮುಖಗಳು ಮೂರು ಬಗೆ: ಕೂರಿಸಿ ತೆಗೆದದ್ದು, ಕ್ಯಾಮೆರಾಕ್ಕೆ ಸಿಕ್ಕಿಬಿದ್ದದ್ದು, ಸಾಕ್ಷಿಯ ನೆನಪಿನಿಂದ ಎದ್ದದ್ದು. ಒಬ್ಬರ ಹಾಗೆ ಏಳು ಜನ ಇರುತ್ತಾರೆಂಬ ಲೋಕೋಕ್ತಿಯೇ ಇಲ್ಲಿ ಪೂರ್ವಪಕ್ಷ. ಆ ಏಳನ್ನು ಎಣಿಸಿದವರು ಯಾರೆಂದು ಯಾವ ಭಾಷ್ಯಕಾರನೂ ಹೇಳಿಲ್ಲ.

ಕೂರಿಸಿ ತೆಗೆದ ಮುಖಕ್ಕೆ ಸೂತ್ರಕಾರ ಪ್ಯಾರಿಸ್ ಪೊಲೀಸ್ ಕಚೇರಿಯ ಗುಮಾಸ್ತ ಅಲ್ಫೋನ್ಸ್ ಬರ್ತಿಯೋಂ. 1880ರ ದಶಕದಲ್ಲಿ ಈತ ಕೈದಿಯ ಮೈಯನ್ನು 11 ಕಡೆ ಅಳೆಸಿ, ಎದುರಿನಿಂದೊಂದು, ಪಕ್ಕದಿಂದೊಂದು ಫೋಟೊ ಹಿಡಿಸಿ ಕಾರ್ಡು ಮಾಡಿಸಿದ. ಪಕ್ಕದ ಫೋಟೊದಲ್ಲಿ ಆತನ ಕಣ್ಣು ಕಿವಿಯ ಮೇಲೆ: ಗಡ್ಡ ಬಿಡಬಹುದು, ಮೀಸೆ ಬೋಳಿಸಬಹುದು, ಕಿವಿಯ ಮಡಿಕೆಯನ್ನು ಏನು ಮಾಡುತ್ತೀರಿ? (1894ರಲ್ಲಿ ಫ್ರೆಂಚ್ ಸೇನಾಧಿಕಾರಿ ಡ್ರೇಫಸ್‌ನ ಪ್ರಕರಣದಲ್ಲಿ ಇದೇ ಮಹಾಶಯ ಕೈಬರಹಕ್ಕೂ ಕೈಹಾಕಿ ನಿರಪರಾಧಿಯ ತಲೆಗೆ ತಪ್ಪು ಕಟ್ಟಿದ್ದು ಬೇರೆ ಶಾಸ್ತ್ರದ ವಿಷಯ.)

ಸಿಕ್ಕಿಬಿದ್ದ ಮುಖಕ್ಕೆ ಉಪಭೇದಗಳುಂಟು. ಚಾವಣಿಯ ಸಿಸಿಟಿವಿಯದು ನೆತ್ತಿಪ್ರಧಾನ, ಎಟಿಎಂನದು ಮೂಗುಪ್ರಧಾನ. ಲೆನ್ಸ್ ಹತ್ತಿರವಾದಷ್ಟೂ ಮೂಗು ಹಿಗ್ಗುತ್ತದೆ, ಕಿವಿ ಹಿಂದೆ ಸರಿಯುತ್ತದೆ. ಅದಕ್ಕೇ ಇಂಥ ಫೋಟೊದ ಮೇಲೆ ಸ್ಕೇಲಿಟ್ಟು ಅಳೆಯುವುದನ್ನು ಇಂದಿನ ತಜ್ಞರು ಒಪ್ಪುವುದಿಲ್ಲ. ಅವರು ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ, ಹುಬ್ಬಿನ ಗಾಯದ ಗೆರೆ ಎತ್ತ ಓಡಿದೆ ಎಂದು ಒಂದೊಂದಾಗಿ ನೋಡುತ್ತಾರೆ. ಎಡಗೆನ್ನೆಯಲ್ಲೊಂದು ಕಪ್ಪು ಚುಕ್ಕೆ ಸಿಕ್ಕಿತೆನ್ನಿ. ಹಿಗ್ಗುವ ಮೊದಲು ವಿಡಿಯೊದ ಹಿಂದಿನ ಮುಂದಿನ ಫ್ರೇಮು ನೋಡಬೇಕು. ಮುಖ ತಿರುಗಿದಾಗ ಚುಕ್ಕೆಯೂ ಜೊತೆಗೆ ತಿರುಗಿದರೆ ಮಚ್ಚೆಯಿದ್ದೀತು. ಪರದೆಯಲ್ಲಿ ಇದ್ದಲ್ಲೇ ಇದ್ದರೆ ಅದು ಲೆನ್ಸಿನ ಕೊಳೆ.

ಮೂರನೆಯದು ಅತ್ಯಂತ ಸ್ಪಷ್ಟ, ಆದ್ದರಿಂದ ಅತ್ಯಂತ ಅಪಾಯಕಾರಿ. ಲಂಡನ್ನಿನಲ್ಲಿ ಒಡವೆ ಕಳೆದುಕೊಂಡ ಹೆಂಗಸರು ಒಬ್ಬರ ಹಿಂದೊಬ್ಬರು 'ಇವನೇ' ಎಂದದ್ದಕ್ಕೆ ಅಡಾಲ್ಫ್ ಬೆಕ್ 1896ರಲ್ಲಿ ಜೈಲು ಸೇರಿದ. ಹಿಂದೆ ಇಂಥದ್ದೇ ವಂಚನೆಗೆ ಜೈಲು ಕಂಡಿದ್ದ ಜಾನ್ ಸ್ಮಿತ್ ಇವನೇ ಎಂದು ಪೊಲೀಸರ ನಂಬಿಕೆ. ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ. ಇದು ಜೈಲಿನ ದಾಖಲೆಯಲ್ಲೇ ಇತ್ತು. ವಿಷಯ ಮೇಲಿನವರಿಗೆ ತಿಳಿದ ಮೇಲೂ ಬೆಕ್‌ಗೆ ಸಿಕ್ಕಿದ್ದು ಬಿಡುಗಡೆಯಲ್ಲ, ಹೊಸ ಕೈದಿ ನಂಬರು! 1904ರಲ್ಲಿ ಮತ್ತೆ ಅದೇ ಆರೋಪ, ಮತ್ತೆ ಅಪರಾಧಿಯೆಂಬ ತೀರ್ಪು. ಅಷ್ಟರಲ್ಲಿ ಅಸಲಿ ಆಸಾಮಿ ಸಿಕ್ಕಿಬಿದ್ದ. ಸಿದ್ಧಾಂತವಿದು: ನೂರು ಸಾಮ್ಯ ಕೂಡಿಸಿದರೂ ಅನುಮಾನವೇ, ಸಮಾಧಾನ ಸಿಗದ ಒಂದು ವ್ಯತ್ಯಾಸ ಸಾಕು ಕೈಬಿಡಲು.

ಇನ್ನು ನೋಡುವವರಲ್ಲಿ ಕಣ್ಣು, ಯಂತ್ರ ಎಂದು ಎರಡು ಕುಲ. ಯಂತ್ರ 'ಯಾರೂ ಇಲ್ಲ' ಎನ್ನಲು ನಾಚುವ ಸ್ವಭಾವದ್ದು. ಕೇಳಿದರೆ ಹೋಲುವವರ ಪಟ್ಟಿಯನ್ನೇ ಮುಂದಿಡುತ್ತದೆ. 2020ರ ಜನವರಿಯಲ್ಲಿ ಡೆಟ್ರಾಯ್ಟ್ ಪೊಲೀಸರು ಅಂಥ ಪಟ್ಟಿ ನಂಬಿ ಕಪ್ಪು ಗೃಹಸ್ಥನೊಬ್ಬನನ್ನು ಹೆಂಡತಿ ಮಕ್ಕಳ ಎದುರೇ ಬಂಧಿಸಿದರು. ಗಡಿಯಾರ ಕಳ್ಳನ ಮಸುಕು ಫೋಟೊವನ್ನು ಆತ ತನ್ನ ಮುಖದ ಪಕ್ಕದಲ್ಲೇ ಹಿಡಿದು ತೋರಿಸಬೇಕಾಯಿತು. ಹಾಗೆಂದು ಯಂತ್ರವನ್ನು ಮೂಲೆಗೆ ಎಸೆಯುವಂತೆಯೂ ಇಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಬ್ಬರು ತಜ್ಞರ ಜೋಡಿಗಿಂತ ಒಬ್ಬ ತಜ್ಞ ಮತ್ತು ಒಂದು ಒಳ್ಳೆಯ ಯಂತ್ರದ ಜೋಡಿಯೇ ಮೇಲಾಯಿತು.

ಕೊನೆಯದು ಅಭಿಪ್ರಾಯಭೇದ. ತಜ್ಞರ ವರದಿಯಲ್ಲಿ 'ಅಲ್ಪ ಬೆಂಬಲ', 'ಸಾಧಾರಣ ಬೆಂಬಲ', 'ಬಲವಾದ ಬೆಂಬಲ' ಎಂದು ಮೆಟ್ಟಿಲು ಮೆಟ್ಟಿಲಾಗಿ ತೀರ್ಮಾನ ಇರುತ್ತದೆ. ಅದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ ವಕೀಲರು ಕನ್ನಡಕ ತೆಗೆದು ಕೇಳುತ್ತಾರೆ: "ಅದಿರಲಿ, ಇವನೇನಾ, ಅಲ್ಲವಾ?"